ಒಂದು ಬಲ್ಬ್ ಬದಲಿಸಲು ಏಳು ವಾರ: ನಮ್ಮ ಓಮ್ನಿಯ ಹಿಂದಿನ ದೀಪದ ಕೆಲಸ

ಮೇ ಕೊನೆಯ ವಾರ, ಸಂಜೆ ಏಳು ಗಂಟೆ. ಮಳೆ ಅಂದರೆ ಮಳೆ. ಉಡುಪಿಯಿಂದ ಕಟಪಾಡಿ ಕಡೆಗೆ ಬರುತ್ತಿದ್ದೆ. ಉದ್ಯಾವರ ದಾಟುವಾಗ ಹಿಂದಿನಿಂದ ಒಂದು ಟೆಂಪೋ ಹಾರ್ನ್ ಹೊಡೆಯುತ್ತಲೇ ಇತ್ತು. ದಾರಿ ಬಿಟ್ಟೆ. ಅವನು ಪಕ್ಕಕ್ಕೆ ಬಂದು ಗ್ಲಾಸ್ ಇಳಿಸಿ, "ಹಿಂದೆ ಎಡಗಡೆ ಲೈಟೇ ಇಲ್ಲ ಮಾರಾಯ್ರೇ! ಈಗ ಗುದ್ದುತ್ತಿದ್ದೆ" ಅಂದ. ಮನೆಗೆ ಬಂದು ನೋಡಿದರೆ ಲೈಟ್ ಇಲ್ಲ ಅಂತಲ್ಲ, ಇತ್ತು. ದೇವರ ಕೋಣೆಯ ಎಣ್ಣೆ ದೀಪ ಅದಕ್ಕಿಂತ ಜಾಸ್ತಿ ಉರಿಯುತ್ತದೆ, ಅಷ್ಟೇ.

ಗಾಡಿ 2006ರ ಮಾರುತಿ ಓಮ್ನಿ, ಐದು ಸೀಟಿನದ್ದು. ಮಾವನವರು ಓಡಿಸುತ್ತಿದ್ದದ್ದು ಈಗ ನನ್ನ ಕೈಯಲ್ಲಿದೆ. ನಾನು ಹೈಸ್ಕೂಲ್ ಮೇಷ್ಟ್ರು, ವಾರದ ದಿನಗಳಲ್ಲಿ ಗಾಡಿ ನನಗಿಂತ ಮಲ್ಲಿಗೆಗೇ ಜಾಸ್ತಿ ಬೇಕು. ಮನೆಯ ಹೂವು, ಅಕ್ಕಪಕ್ಕದ ನಾಲ್ಕು ಮನೆಯ ಹೂವು ಎಲ್ಲ ಸೇರಿಸಿ ಹೆಂಡತಿ ಶಂಕರಪುರದ ಕಟ್ಟೆಗೆ (ಮಲ್ಲಿಗೆ ಕೊಳ್ಳುವ ಜಾಗ) ಮುಟ್ಟಿಸುತ್ತಾಳೆ. ಬಾಳೆ ನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ, ನೀರು ಚಿಮುಕಿಸಿ ಹಿಂದೆ ಇಡುವುದು. ಈ ನೀರಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

2021ರಲ್ಲಿ ಗಾಡಿಗೆ 15 ವರ್ಷ ತುಂಬಿದಾಗ ಆರ್‌ಸಿ ಐದು ವರ್ಷಕ್ಕೆ ನವೀಕರಣವಾಗಿದೆ. 2026ರಲ್ಲಿ ಮತ್ತೆ ತಪಾಸಣೆ. ಅಷ್ಟರೊಳಗೆ ಹಿಂದಿನ ದೀಪ ಸರಿ ಮಾಡಿ, ಹೇಗೂ ಬಿಚ್ಚಿದ ಮೇಲೆ ಎಲ್‌ಇಡಿ ಹಾಕಿಬಿಡೋಣ ಅಂದುಕೊಂಡೆ. ಒಂದು ಭಾನುವಾರದ ಕೆಲಸ ಅಂತ ಲೆಕ್ಕ ಹಾಕಿದ್ದೆ.

ಜೂನ್ 1, ಭಾನುವಾರ: ನೋಡಿದ್ದು, ಒಡೆದದ್ದು

ಸಾಮಾನು: ಸ್ಟಾರ್ ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ತುಕ್ಕಿಗೆ ಹೊಡೆಯುವ ಸ್ಪ್ರೇ, ಶಾಲೆಯ ಪ್ರಯೋಗಕ್ಕೆ ಅಂತ ಹಿಂದೊಮ್ಮೆ ತಂದಿದ್ದ ಮಲ್ಟಿಮೀಟರ್. ಬ್ರೇಕ್ ಒತ್ತಲು ಮಗಳು.

ಮೊದಲು ಏನೂ ಬಿಚ್ಚದೆ ಒಂದೊಂದೇ ಹಾಕಿ ನೋಡಿದೆ. ಪಾರ್ಕ್ ಲೈಟ್ ಹಾಕಿದರೆ ಎಡಗಡೆ ಮಂಕು, ಬಲಗಡೆ ಕಣ್ಣು ಕುಕ್ಕುವಷ್ಟು ಜೋರು. ಬ್ರೇಕ್ ಒತ್ತಿದರೆ ಬಲಗಡೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಎಡಗಡೆ ಇನ್ನೂ ವಿಚಿತ್ರ. ಎಲ್ಲ ಲೈಟ್ ಆರಿಸಿ ಬರೀ ಬ್ರೇಕ್ ಒತ್ತಿದರೆ ನಂಬರ್ ಪ್ಲೇಟಿನ ಪುಟ್ಟ ಬಲ್ಬ್ ಸಣ್ಣಗೆ ಉರಿಯುತ್ತದೆ! ಎಡಗಡೆಯ ಇಂಡಿಕೇಟರ್ ಹಾಕಿದರೆ ಅದರ ಪಕ್ಕದ ಕೆಂಪು ದೀಪವೂ ತಾಳ ಹಾಕುತ್ತದೆ.

ಈ ಕೊನೆಯ ಎರಡು ಲಕ್ಷಣ ನೋಡಿದ ಕೂಡಲೇ ಗೊತ್ತಿರುವವರು ರೋಗ ಹೇಳಿಬಿಡುತ್ತಾರೆ. ನಾನು ಡೈರಿಯಲ್ಲಿ "ವಿಚಿತ್ರ" ಅಂತ ಬರೆದು ಮುಂದೆ ಹೋದೆ.

ನನ್ನ ಗಾಡಿಯಲ್ಲಿ ದೀಪದ ಗ್ಲಾಸ್ ಹೊರಗಿನಿಂದಲೇ ಸ್ಕ್ರೂ ಬಿಚ್ಚಿ ತೆಗೆಯುವಂಥದ್ದು. ಬಲಗಡೆಯದ್ದು ಸುಲಭವಾಗಿ ಬಂತು. ಒಳಗೆ ಮೂರು ಬಲ್ಬ್. ಟೈಲ್ (ಪಾರ್ಕ್ ಹಾಕಿದಾಗ ಉರಿಯುವ ಕೆಂಪು ದೀಪ) ಮತ್ತು ಬ್ರೇಕಿಗೆ ಸೇರಿ ಒಂದೇ ಡಬಲ್ ಕಾಂಟ್ಯಾಕ್ಟ್ ಬಲ್ಬ್, 12 ವೋಲ್ಟ್ 21/5 ವ್ಯಾಟ್. 5 ವ್ಯಾಟಿನ ತಂತು ಟೈಲಿಗೆ, 21 ವ್ಯಾಟಿನದ್ದು ಬ್ರೇಕಿಗೆ. ಇಂಡಿಕೇಟರಿಗೆ ಮತ್ತು ರಿವರ್ಸಿಗೆ ಸಿಂಗಲ್ ಕಾಂಟ್ಯಾಕ್ಟ್ 21 ವ್ಯಾಟ್. ಡಬಲ್ ಕಾಂಟ್ಯಾಕ್ಟ್ ಬಲ್ಬಿನ ಎರಡು ಮೊಳೆ ಒಂದೇ ಎತ್ತರದಲ್ಲಿ ಇರುವುದಿಲ್ಲ, ಒಂದು ಮೇಲೆ, ಒಂದು ಕೆಳಗೆ. ಉಲ್ಟಾ ಹಾಕಬಾರದು ಅಂತಲೇ ಹಾಗೆ ಮಾಡಿರುವುದು. ಆದರೂ ಯಾರೋ ಪುಣ್ಯಾತ್ಮರು ಹೋಲ್ಡರಿನ ಬಾಯಿ ಅಗಲಿಸಿ ಉಲ್ಟಾ ತುರುಕಿದ್ದರು. ಪಾರ್ಕ್ ಹಾಕಿದರೆ 21 ಉರಿಯುತ್ತಿತ್ತು, ಬ್ರೇಕಿಗೆ 5. ಪ್ಲೇಯರಿನಲ್ಲಿ ಹೋಲ್ಡರಿನ ಬಾಯಿ ಮೆಲ್ಲಗೆ ಒತ್ತಿ, ಬಲ್ಬ್ ತಿರುಗಿಸಿ ಹಾಕಿದೆ. ಬಲಗಡೆ ಸರಿ. ಖರ್ಚು ಸೊನ್ನೆ. ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿಯಾದದ್ದು ಇದೊಂದೇ.

ಎಡಗಡೆಯ ಒಂದು ಸ್ಕ್ರೂ ತುಕ್ಕು ಹಿಡಿದು ಕೂತಿತ್ತು. ಸ್ಪ್ರೇ ಹೊಡೆದು ಕಾಲು ಗಂಟೆ ಕಾಯಬೇಕಿತ್ತು, ನಾನು ಎರಡು ನಿಮಿಷ ಕಾದೆ. ತಲೆ ಸವೆದು ಹೋಯಿತು. ಆಮೇಲೆ ಡ್ರೈವರನ್ನು ಸ್ಕ್ರೂ ಮೇಲಿಟ್ಟು ಸುತ್ತಿಗೆಯಿಂದ ಬಡಿದೆ. ಸ್ಕ್ರೂ ಬಂತು, ಗ್ಲಾಸಿನ ಮೂಲೆಯನ್ನೂ ಕರೆದುಕೊಂಡು. ಹೊಸ ಟೈಲ್ ಲ್ಯಾಂಪ್ ಒಂದು 420 ರೂಪಾಯಿ. ಓಮ್ನಿಯ ದೊಡ್ಡ ಗುಣ ಇದು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಗಾಡಿ, 2019ರಲ್ಲಿ ತಯಾರಿ ನಿಂತಿತು. ಆದರೂ ಸಾಮಾನಿಗೆ ಊರೂರು ಅಲೆಯಬೇಕಾಗಿಲ್ಲ, ಮೊದಲು ಕೇಳಿದ ಅಂಗಡಿಯಲ್ಲೇ ಸಿಕ್ಕಿತು.

ಹೊಸ ಲ್ಯಾಂಪಿನಲ್ಲೂ ಎಡಗಡೆ ಮಂಕು. ಹೋಲ್ಡರಿಗೆ ಬರುವ ಕರೆಂಟ್ ನೋಡಿದೆ, 12.4 ವೋಲ್ಟ್. ಸರಿ ಇದೆ. ಹಾಗಾದರೆ ಬಲ್ಬ್ ಹಳೆಯದಾಗಿದೆ, ಎಲ್‌ಇಡಿ ಹಾಕಿದರೆ ಸರಿಯಾಗುತ್ತದೆ ಅಂತ ತೀರ್ಮಾನ ಮಾಡಿದೆ. ಮೀಟರಿನ ಒಂದು ಕಡ್ಡಿ ಹೋಲ್ಡರಿಗೆ, ಇನ್ನೊಂದು ಬಾಡಿಯ ಲೋಹಕ್ಕೆ ಮುಟ್ಟಿಸಿದ್ದೆ. ಬಾಡಿಯಲ್ಲಿ ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಚೆನ್ನಾಗಿಯೇ ಇತ್ತು. ಹೋಲ್ಡರಿಗೆ ಅದು ಮುಟ್ಟುತ್ತಿದೆಯಾ ಅಂತ ನೋಡಲೇ ಇಲ್ಲ. ಏಳು ವಾರದ ಕಥೆಗೆ ಕಾರಣ ಈ ಒಂದು ಕಡ್ಡಿ.

ಜೂನ್ 8: ಬಿಳಿ ಎಲ್‌ಇಡಿ, ಗುಲಾಬಿ ಬೆಳಕು

ಆನ್‌ಲೈನಿನಲ್ಲಿ 1157 ಅಂತ ಹುಡುಕಿದರೆ ಡಬಲ್ ಕಾಂಟ್ಯಾಕ್ಟ್ ಎಲ್‌ಇಡಿ ಸಿಗುತ್ತದೆ. ಸಿಂಗಲ್ ಕಾಂಟ್ಯಾಕ್ಟಿಗೆ 1156. ಜೋಡಿಗೆ 260 ರೂಪಾಯಿ ಅಂತ ಬಿಳಿ ತರಿಸಿದೆ. ಗ್ಲಾಸ್ ಹೇಗೂ ಕೆಂಪು ಅಲ್ವಾ, ಒಳಗೆ ಯಾವ ಬಣ್ಣ ಇದ್ದರೇನು?

ಇದ್ದರೇನು ಅಂತ ಸಂಜೆ ಗೊತ್ತಾಯಿತು. ದೀಪ ಕೆಂಪಾಗಿ ಕಾಣಲಿಲ್ಲ, ತೊಳೆದು ತೊಳೆದು ಬಣ್ಣ ಹೋದ ಸೀರೆಯ ಹಾಗೆ ಗುಲಾಬಿ. ಬೆಳಕೂ ಕಡಿಮೆ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ, ಹಸಿರಿನ ಪಾಲೇ ಜಾಸ್ತಿ. ಕೆಂಪು ಗ್ಲಾಸ್ ಅದನ್ನೆಲ್ಲ ತಡೆದು ಉಳಿದ ಸ್ವಲ್ಪವನ್ನು ಮಾತ್ರ ಹೊರಗೆ ಬಿಡುತ್ತದೆ. ಗ್ಲಾಸ್ ಯಾವ ಬಣ್ಣವೋ ಎಲ್‌ಇಡಿಯೂ ಅದೇ ಬಣ್ಣದ್ದಾಗಬೇಕು: ಟೈಲಿಗೆ ಕೆಂಪು, ಇಂಡಿಕೇಟರಿಗೆ ಆಂಬರ್, ರಿವರ್ಸಿಗೆ ಬಿಳಿ. ಬಿಳಿ ಜೋಡಿ ಈಗ ಡಬ್ಬದಲ್ಲಿದೆ.

ಗುರುವಾರ ಶಾಲೆ ಮುಗಿಸಿ ಉಡುಪಿಯ ಅಂಗಡಿಗೇ ಹೋಗಿ ಕೆಂಪು ತಂದೆ, ಜೋಡಿಗೆ 320. ಈ ಸಲ ಅಳತೆ ತೆಗೆದುಕೊಂಡು ಹೋಗಿದ್ದೆ. ಹೋಲ್ಡರಿನ ಬಾಯಿಯಿಂದ ಗ್ಲಾಸಿಗೆ 52 ಮಿಲಿಮೀಟರ್ ಜಾಗ ಇದೆ, ಎಲ್‌ಇಡಿ 45 ಇತ್ತು. ಹಳೆ ಬಲ್ಬಿಗಿಂತ ಎಲ್‌ಇಡಿ ಉದ್ದ ಇರುತ್ತದೆ, ಅಳೆಯದೆ ತಂದರೆ ಗ್ಲಾಸ್ ಕೂರುವುದಿಲ್ಲ. ಇನ್ನೊಂದು ವಿಷಯ. ತುದಿಯಲ್ಲಿ ಮಾತ್ರ ಅಲ್ಲ, ಸುತ್ತಲೂ ಎಲ್‌ಇಡಿ ಇರುವುದನ್ನೇ ಆರಿಸಿ. ಬದಿಗೆ ಬೀಳುವ ಬೆಳಕಿನಿಂದಲೇ ಒಳಗಿನ ಬೆಳ್ಳಿ ಬಣ್ಣದ ತಟ್ಟೆ ಹೊಳೆಯುವುದು.

ಅಂಗಡಿಯ ಹುಡುಗ, "ಬ್ರೇಕ್ ಒತ್ತಿದರೆ ಪಟಪಟ ಮಿನುಗುದು ಉಂಟು ಸರ್, ಹಾಕ್ತೀರಾ?" ಅಂದ. ಬೇಡ ಅಂದೆ. ಬ್ರೇಕ್ ದೀಪ ಒಂದೇ ಸಮ ಉರಿಯಬೇಕು. ಮಿನುಗುವುದು ಇಂಡಿಕೇಟರಿನ ಕೆಲಸ. ರಾತ್ರಿ ಹೆದ್ದಾರಿಯಲ್ಲಿ ಅಂಥ ಗಾಡಿಯ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಅದರ ಸುಖ ಗೊತ್ತು.

ಕೆಂಪು ಹಾಕಿದ ಮೇಲೆ ಎಡ, ಬಲ ಎರಡೂ ಒಂದೇ ಸಮ. ಟೈಲಿಗೂ ಬ್ರೇಕಿಗೂ ವ್ಯತ್ಯಾಸ ಸ್ಪಷ್ಟ. ಬ್ರೇಕ್ ಒತ್ತಿದ ಕೂಡಲೇ ಥಟ್ಟನೆ ಬೆಳಗುತ್ತದೆ. ಹಳೆ ಬಲ್ಬಿನ ತಂತು ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಹಿಂದಿನ ಗಾಡಿ ಮೂರು ಮೀಟರಿಗಿಂತ ಜಾಸ್ತಿ ಮುಂದೆ ಬಂದಿರುತ್ತದೆ.

ಖುಷಿಯಲ್ಲಿ ಸಾಮಾನು ಕಟ್ಟಿಡುತ್ತಿದ್ದೆ. ಆಗ ಮಗಳು, "ಅಪ್ಪಾ, ಎಡಗಡೆ ಇಂಡಿಕೇಟರ್ ಹಾಕಿದರೆ ಕೆಂಪು ಈಗಲೂ ಸ್ವಲ್ಪ ಅಲ್ಲಾಡುತ್ತದೆ" ಅಂದಳು. ನಾನು, "ಎಲ್‌ಇಡಿ ಹಾಗೇ" ಅಂದೆ. ಶಾಲೆಯಲ್ಲಿ ಮಕ್ಕಳು ಇಂಥ ಉತ್ತರ ಕೊಟ್ಟರೆ ನಾನು ಬೈಯುತ್ತೇನೆ.

ಜೂನ್ 15: ಇಂಡಿಕೇಟರಿಗೆ ಹುಚ್ಚು ಹಿಡಿದದ್ದು

ಆಂಬರ್ ಎಲ್‌ಇಡಿ ಜೋಡಿ, 300 ರೂಪಾಯಿ. ಹಾಕಿದ ಕೂಡಲೇ ಇಂಡಿಕೇಟರ್ ಟಕಟಕಟಕ ಅಂತ ಓಡಲು ಶುರು. ಇಂಡಿಕೇಟರನ್ನು ಮಿನುಗಿಸುವ ಹಳೆ ಫ್ಲ್ಯಾಶರಿಗೆ ಎಷ್ಟು ಕರೆಂಟ್ ಹರಿಯುತ್ತದೆ ಅನ್ನುವುದೇ ಲೆಕ್ಕ. ಕರೆಂಟ್ ಕಡಿಮೆಯಾದರೆ ಒಂದು ಬಲ್ಬ್ ಹೋಗಿದೆ ಅಂದುಕೊಂಡು ಬೇಗ ಬೇಗ ಹೊಡೆದು ತಿಳಿಸುತ್ತದೆ.

ಇದಕ್ಕೆ ಎರಡು ದಾರಿ ಇದೆ. ನಾನು ಕೆಟ್ಟದ್ದನ್ನು ಮೊದಲು ಹಿಡಿದೆ. 6 ಓಮ್, 50 ವ್ಯಾಟಿನ ಲೋಡ್ ರೆಸಿಸ್ಟರ್ ಎರಡು, 240 ರೂಪಾಯಿ. ಎಲ್‌ಇಡಿಗೆ ಪಕ್ಕದಲ್ಲಿ ಜೋಡಿಸಿದರೆ 24 ವ್ಯಾಟ್ ಎಳೆದು, ಹಳೆ ಬಲ್ಬೇ ಇದೆ ಅಂತ ಫ್ಲ್ಯಾಶರನ್ನು ನಂಬಿಸುತ್ತದೆ. ನಂಬಿತು, ವೇಗ ಸರಿಯಾಯಿತು. ರೆಸಿಸ್ಟರನ್ನು ಒಳಗಿನ ಪ್ಲಾಸ್ಟಿಕ್ ಕವರಿಗೆ ಕೇಬಲ್ ಟೈ ಹಾಕಿ ಕಟ್ಟಿದೆ. ಪರೀಕ್ಷೆ ಮಾಡೋಣ ಅಂತ ನಾಲ್ಕೂ ಇಂಡಿಕೇಟರ್ ಹಾಕಿ ಚಾ ಕುಡಿಯಲು ಒಳಗೆ ಹೋದೆ. ಹತ್ತು ನಿಮಿಷ ಬಿಟ್ಟು ಬಂದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಕವರಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. ರೆಸಿಸ್ಟರನ್ನು ಮುಟ್ಟಲು ಹೋಗಿ ಬೆರಳಿಗೂ ಬೊಕ್ಕೆ.

ಹಾಕಲೇಬೇಕು ಅಂದರೆ ಲೋಹದ ಬಾಡಿಗೆ ಸ್ಕ್ರೂ ಹಾಕಿ ಬಿಗಿಯಬೇಕು. ಆದರೆ ಕರೆಂಟ್ ಉಳಿಸಲು ಎಲ್‌ಇಡಿ ಹಾಕಿ, ಉಳಿದದ್ದನ್ನು ಪಕ್ಕದಲ್ಲೇ ಸುಡುವುದು ಎಂಥ ಬುದ್ಧಿ? ಕಿತ್ತೆಸೆದೆ.

ಬುಧವಾರ ಎಲ್‌ಇಡಿಗೆ ಅಂತಲೇ ಬರುವ ಮೂರು ಕಾಲಿನ ಎಲೆಕ್ಟ್ರಾನಿಕ್ ಫ್ಲ್ಯಾಶರ್ ತಂದೆ, 190 ರೂಪಾಯಿ. ಹಳೆಯದು ಎಲ್ಲಿದೆ ಅಂತ ಹುಡುಕಲು ಸುಲಭ ದಾರಿ, ಇಂಡಿಕೇಟರ್ ಹಾಕಿ ಡ್ಯಾಶ್‌ಬೋರ್ಡಿನ ಕೆಳಗೆ ಕಿವಿ ಇಡುವುದು. ಟಿಕ್ ಟಿಕ್ ಎಲ್ಲಿ ಬರುತ್ತದೋ ಅದೇ. ಕಿತ್ತು ಹೊಸದು ಹಾಕಿದರೆ ಸದ್ದೇ ಇಲ್ಲ! ಹೊಸದರ ಕಾಲುಗಳ ಪಕ್ಕ ಬಿ, ಎಲ್, ಇ ಅಂತ ಇರುತ್ತದೆ. ಬಿ ಅಂದರೆ ಬ್ಯಾಟರಿಯಿಂದ ಬರುವುದು, ಎಲ್ ದೀಪಕ್ಕೆ ಹೋಗುವುದು, ಇ ಅರ್ತ್. ಹೊಸದರಲ್ಲಿ ಬಿ ಮತ್ತು ಎಲ್ ಇದ್ದ ಜಾಗ ಹಳೆಯದರ ಹಾಗಿರಲಿಲ್ಲ. ಸಾಕೆಟಿನ ಹಿಂದಿನಿಂದ ಸಣ್ಣ ಮೊಳೆ ತೂರಿಸಿ ಎರಡು ತಂತಿಯ ಕ್ಲಿಪ್ ಹೊರಗೆ ಎಳೆದು ಅದಲು ಬದಲು ಮಾಡಿದೆ. ಹೊಡೆಯಲು ಶುರುವಾಯಿತು. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 86. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120ರ ಒಳಗೆ ಇರಬೇಕು, ಹಾಗಾಗಿ ಸರಿ.

ಜೂನ್ 22: ಅಕ್ವೇರಿಯಂ

ಹೊಸ ಲ್ಯಾಂಪಿನ ರಬ್ಬರ್ ಸರಿ ಕೂತಿರಲಿಲ್ಲ, ಒಳಗೆ ಹನಿ ಕಾಣುತ್ತಿತ್ತು. ಮನೆಯಲ್ಲಿ ಬಚ್ಚಲಿನ ಸಂದಿಗೆ ತಂದಿದ್ದ ಸಿಲಿಕೋನ್ ಮುಗಿದಿತ್ತು, ಅಂಥದ್ದೇ ಇನ್ನೊಂದು ಟ್ಯೂಬ್ 110ಕ್ಕೆ ತಂದು ಸುತ್ತಲೂ ಬಳಿದೆ. ಎರಡು ತಪ್ಪು ಒಟ್ಟಿಗೆ ಮಾಡಿದೆ.

ಒಂದು, ಆ ಸಿಲಿಕೋನ್ ವಿನೆಗರ್ ವಾಸನೆ ಬರುವ ಜಾತಿಯದ್ದು. ಒಣಗುವಾಗ ಅದರಿಂದ ಹುಳಿ ಆವಿ ಹೊರಡುತ್ತದೆ, ಮುಚ್ಚಿದ ಡಬ್ಬಿಯೊಳಗೆ ಅದು ಹೋಲ್ಡರಿನ ಲೋಹವನ್ನು ತಿನ್ನುತ್ತದೆ. ಮೂರನೇ ದಿನ ಬಿಚ್ಚಿದಾಗ ಹೊಸ ಹೋಲ್ಡರಿನಲ್ಲಿ ಹಸಿರು ಪುಡಿ. ವಿದ್ಯುತ್ ಸಾಮಾನಿಗೆ ನ್ಯೂಟ್ರಲ್ ಅಂತ ಬರೆದಿರುವ ಸಿಲಿಕೋನೇ ಬೇಕು. ಅದಕ್ಕೆ 210 ಕೊಟ್ಟೆ.

ಎರಡು, ಲ್ಯಾಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇತ್ತು. ನೀರು ಇದರಿಂದಲೇ ಒಳಗೆ ಬರುವುದು ಅಂತ ಅದಕ್ಕೂ ಮೆತ್ತಿದ್ದೆ. ಅದು ನೀರು ಹೊರಗೆ ಹೋಗಲು ಬಿಟ್ಟ ತೂತು. ಬುಧವಾರದ ಮಳೆಗೆ ಅರ್ಧ ಇಂಚು ನೀರು ಒಳಗೆ ನಿಂತು, ಮೇಲೆ ಕೆಂಪು ದೀಪ. ಎರಡು ಗಪ್ಪಿ ಮೀನು ಬಿಡುವುದೊಂದೇ ಬಾಕಿ. ಎಲ್ಲ ಕೆರೆದು ತೆಗೆದು, ಕಾಂಟ್ಯಾಕ್ಟುಗಳನ್ನು ನಯ ಮರಳು ಕಾಗದದಿಂದ ಉಜ್ಜಿ, ಮೇಲಿನ ಅಂಚು ಮತ್ತು ಎರಡು ಬದಿಗೆ ಮಾತ್ರ ಹೊಸ ಸಿಲಿಕೋನ್ ಹಚ್ಚಿದೆ. ಕೆಳಗೆ ಖಾಲಿ ಬಿಟ್ಟೆ. ಆಮೇಲೆ ನೀರು ನಿಂತಿಲ್ಲ.

ಜೂನ್ 29: ಎಡಗಡೆ ಪೂರ್ತಿ ಕತ್ತಲೆ

ಕಟ್ಟೆಗೆ ಹೂವು ಮುಟ್ಟಿಸಿ ಹೆಂಡತಿ ಫೋನ್ ಮಾಡಿದಳು. "ನಿಮ್ಮ ಹೊಸ ಲೈಟ್ ಎಡಗಡೆ ಒಂದೂ ಉರಿಯುವುದಿಲ್ಲ." ಟೈಲ್, ಬ್ರೇಕ್, ಇಂಡಿಕೇಟರ್ ಮೂರೂ ಒಟ್ಟಿಗೆ. ಹೋಗುವಾಗ ಸರಿ ಇತ್ತಂತೆ. ಮೂರೂ ದೀಪ ಒಂದೇ ಗಂಟೆಯಲ್ಲಿ ಸಾಯುವುದು ಹೇಗೆ?

ನಮ್ಮ ದಾರಿಯಲ್ಲೇ ಒಬ್ಬರು ಹಳೆ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಅಂಗಡಿ ಬಿಟ್ಟಿದ್ದಾರೆ, ಮನೆಯ ಜಗಲಿಯಲ್ಲಿ ಕೂತು ಗೊತ್ತಿರುವವರ ಗಾಡಿ ಮಾತ್ರ ನೋಡುತ್ತಾರೆ. ನಾನು ಒಂದು ತಿಂಗಳ ಕಥೆ ಶುರು ಮಾಡಿದೆ. ಅವರು ಅರ್ಧದಲ್ಲೇ, "ಮಾಷ್ಟ್ರೇ, ಅರ್ತ್ ನೋಡಿದ್ದೀರಾ?" ಅಂದರು.

"ಕರೆಂಟ್ 12.4 ಬರುತ್ತದೆ."

"ಅದು ಬರುದು. ವಾಪಸ್ ಹೋಗ್ಲಿಕ್ಕೆ ದಾರಿ ಉಂಟಾ?"

ಒಂದು ಗೇಣು ತಂತಿ ತೆಗೆದು, ಒಂದು ತುದಿ ಹೋಲ್ಡರಿನ ಮೈಗೆ, ಇನ್ನೊಂದು ತುದಿ ಹಿಂಬಾಗಿಲಿನ ಬೋಲ್ಟಿಗೆ ಒತ್ತಿ ಹಿಡಿದರು. ಮೂರೂ ದೀಪ ಜಗಮಗ. ತಂತಿ ತೆಗೆದರು, ಕತ್ತಲೆ. ಅರ್ಧ ನಿಮಿಷದ ಕೆಲಸ. ದುಡ್ಡು ತೆಗೆದುಕೊಳ್ಳಲಿಲ್ಲ. ನಂಬರ್ ಪ್ಲೇಟ್ ಬಲ್ಬ್ ಉರಿದ ಕಥೆ ಹೇಳಿದಾಗ ಮಾತ್ರ ಬಾಯ್ತುಂಬ ನಕ್ಕರು. ಅರ್ತ್ ಸಿಗದ ಬ್ರೇಕಿನ ಕರೆಂಟ್ ಅದೇ ಬಲ್ಬಿನ ಟೈಲ್ ತಂತುವಿನಿಂದ ಹಿಂದಕ್ಕೆ ಏರಿ, ನಂಬರ್ ಪ್ಲೇಟ್ ದೀಪದ ಮೂಲಕ ಅದರ ಅರ್ತಿಗೆ ಹೋಗುತ್ತಿತ್ತು. ಜೂನ್ 1ಕ್ಕೇ ಗಾಡಿ ನನಗೆ ಹೇಳಿತ್ತು.

ಮನೆಗೆ ಬಂದು ಸರಿಯಾಗಿ ಅಳೆದೆ. ಈ ಸಲ ಮೀಟರಿನ ಒಂದು ಕಡ್ಡಿ ಹೋಲ್ಡರಿನ ಅರ್ತಿಗೆ, ಇನ್ನೊಂದು ಬಣ್ಣ ಕೆರೆದ ಬಾಡಿಗೆ. ಅರ್ತ್ ಒಳ್ಳೆಯದಿದ್ದರೆ ಇಲ್ಲಿ ಸೊನ್ನೆಯ ಹತ್ತಿರ ಇರಬೇಕು. ಅಷ್ಟರಲ್ಲಿ ಸ್ವಲ್ಪ ಒಣಗಿ ದೀಪ ಮತ್ತೆ ಉರಿಯುತ್ತಿತ್ತು. ಬ್ರೇಕ್ ಎಲ್‌ಇಡಿ ಉರಿಯುವಾಗ 0.4 ವೋಲ್ಟ್. ಎಲ್‌ಇಡಿ ತೆಗೆದು ಹಳೆಯ 21 ವ್ಯಾಟಿನ ಬಲ್ಬ್ ಹಾಕಿ ನೋಡಿದೆ, 3.1 ವೋಲ್ಟ್! 12ರಲ್ಲಿ ಮೂರು ವೋಲ್ಟ್ ತುಕ್ಕಿನಲ್ಲೇ ಖರ್ಚು.

ಈ ಎರಡು ಅಂಕಿ ನೋಡಿದ ಮೇಲೆ ನನಗೆ ಪೂರ್ತಿ ಅರ್ಥವಾಯಿತು. ಎಲ್‌ಇಡಿ ತೀರ ಕಡಿಮೆ ಕರೆಂಟ್ ಎಳೆಯುವುದರಿಂದ ಕೆಟ್ಟ ಅರ್ತಿನಲ್ಲೂ ಚಂದ ಉರಿಯಿತು. ಬಲ್ಬ್ ಮಂಕಾಗಿ ದೂರು ಹೇಳುತ್ತಿತ್ತು, ನಾನು ದೂರು ಹೇಳುವವನನ್ನೇ ಕಿತ್ತು ಹಾಕಿದ್ದೆ. ನಾಲ್ಕು ವಾರ ಒಳಗೊಳಗೇ ತುಕ್ಕು ಬೆಳೆದು, ಒಂದು ದಿನ ಮಳೆಯಲ್ಲಿ ಪೂರ್ತಿ ಕೈ ಕೊಟ್ಟಿತು. ಹಾಗಾಗಿ ಹಳೆ ಗಾಡಿಗೆ ಎಲ್‌ಇಡಿ ಹಾಕುವವರು ಮೊದಲು ಹಳೆ ಬಲ್ಬ್ ಇಟ್ಟುಕೊಂಡೇ ಅರ್ತ್ ಅಳೆಯಿರಿ. 0.1 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಎಲ್‌ಇಡಿ ಪೆಟ್ಟಿಗೆ ತೆರೆಯಬೇಡಿ.

ಜುಲೈ 6: ತುಕ್ಕಿನ ಬುಡ

ಹಿಂದಿನ ಎಡ ಮೂಲೆಯ ಪ್ಲಾಸ್ಟಿಕ್ ಕವರ್ (ಹೌದು, ತೂತು ಬಿದ್ದದ್ದೇ) ತೆಗೆದೆ. ಕಪ್ಪು ತಂತಿ ಹಿಡಿದುಕೊಂಡು ಕೆಳಗೆ ಹೋದರೆ, ನೆಲದ ಹತ್ತಿರ ಬಾಡಿಗೆ ಒಂದು ಬೋಲ್ಟ್. ಬೋಲ್ಟ್ ಅಂತ ಮರ್ಯಾದೆಗೆ ಹೇಳಬೇಕು, ಇದ್ದದ್ದು ಕಂದು ಬಣ್ಣದ ಒಂದು ಗಂಟು. ಸುತ್ತಲೂ ಕೊಳೆತ ಬಾಳೆ ನಾರು, ಎಲೆ ಚೂರು, ಮಲ್ಲಿಗೆಯ ಎಸಳು. ಹೂವಿಗೆ ಚಿಮುಕಿಸಿದ ನೀರು ವರ್ಷಗಟ್ಟಲೆ ಇಳಿದು ಇದೇ ಮೂಲೆಗೆ ಬಂದು ನಿಂತಿದೆ. ಸಮುದ್ರದ ಉಪ್ಪು ಗಾಳಿ ಮೊದಲೇ ಇದೆ. ಬಲ ಮೂಲೆಯ ಬೋಲ್ಟ್ ನೋಡಿದರೆ ಬಣ್ಣ ಕೂಡ ಹೋಗಿಲ್ಲ. ಹೂವಿನ ಬುಟ್ಟಿ ಯಾವಾಗಲೂ ಎಡಕ್ಕೇ ಇಡುವುದು.

10 ನಂಬರ್ ಸ್ಪ್ಯಾನರ್ ಹಾಕಿ ತಿರುಗಿಸಿದೆ, ತಲೆ ಮುರಿದು ಕೈಗೆ ಬಂತು. ಹಳೆ ಜಾಗ ಬಿಟ್ಟು ಅದಕ್ಕಿಂತ ಎಂಟು ಇಂಚು ಮೇಲೆ, ನೀರು ಮುಟ್ಟದ ಕಡೆ, ಲ್ಯಾಂಪಿನ ಪೊಳ್ಳಿನಿಂದ ಕೈ ಹಾಕಿ ನಟ್ ಹಿಡಿಯಬಹುದಾದ ಜಾಗ ನೋಡಿದೆ. ಹಿಂದೆ ತಂತಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು 6.5 ಮಿಲಿಮೀಟರ್ ತೂತು ಕೊರೆದೆ. ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣ ಪೂರ್ತಿ ಕೆರೆದು, ಲೋಹ ಹೊಳೆಯುವ ತನಕ 80 ನಂಬರ್ ಮರಳು ಕಾಗದ. ತಂತಿಯ ತುದಿ ಒಳಗೇ ಎರಡು ಇಂಚು ಕಪ್ಪಾಗಿತ್ತು, ತಾಮ್ರ ಕೆಂಪಾಗಿ ಕಾಣುವ ತನಕ ಕತ್ತರಿಸಿದೆ. ಹೊಸ ರಿಂಗ್ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಉಂಗುರ) ಹಾಕಿ, ಒತ್ತಿ, ಬೆಸುಗೆಯನ್ನೂ ಹಾಕಿ, ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ನಳಿಗೆ). 6 ಮಿಲಿಮೀಟರ್ ಸ್ಟೀಲ್ ಬೋಲ್ಟ್, ಲಗ್ ಮತ್ತು ಬಾಡಿಯ ನಡುವೆ ಹಲ್ಲಿನ ವಾಷರ್. ಬಿಗಿದ ಮೇಲೆ ಎಲ್ಲಕ್ಕೂ ವ್ಯಾಸಲೀನ್. ಮೊದಲೇ ಗ್ರೀಸ್ ಹಚ್ಚಿ ಆಮೇಲೆ ಬಿಗಿಯುವವರಿದ್ದಾರೆ. ನಾನು ಒಣ ಲೋಹಕ್ಕೆ ಒಣ ಲೋಹ ಬಿಗಿದು ಮೇಲಿನಿಂದ ಮುಚ್ಚಿದೆ.

ಇನ್ನೊಂದು ಹೆಚ್ಚಿನ ಕೆಲಸ: 1.5 ಸ್ಕ್ವೇರ್ ಎಂಎಂ ತಂತಿ ಮೂರು ಮೀಟರ್ ತೆಗೆದು, ಎಡ ಮತ್ತು ಬಲ ಲ್ಯಾಂಪಿನ ಅರ್ತುಗಳನ್ನು ಒಂದಕ್ಕೊಂದು ಸೇರಿಸಿದೆ. ಒಂದು ಕಡೆ ಕೈ ಕೊಟ್ಟರೂ ಇನ್ನೊಂದು ಕಡೆಯಿಂದ ದಾರಿ ಇರಲಿ ಅಂತ. ಹಳೆ ಮೂಲೆಯ ತುಕ್ಕು ಕೆರೆದು ಎರಡು ಕೋಟ್ ರೆಡ್ ಆಕ್ಸೈಡ್. ಅಡಿಗೆ ನೀರು ಇಳಿಯುವ ತೂತು ಕಸ ತುಂಬಿ ಮುಚ್ಚಿತ್ತು, ಅದನ್ನೂ ಬಿಡಿಸಿದೆ.

ಹಳೆ ಬಲ್ಬ್ ಹಾಕಿ ಮತ್ತೆ ಅಳೆದೆ. 0.04 ವೋಲ್ಟ್. ಆ ಹಳೆ ಬಲ್ಬ್ ಎಷ್ಟು ಚೆನ್ನಾಗಿ ಉರಿಯಿತು ಅಂದರೆ, ಎಲ್‌ಇಡಿ ವಾಪಸ್ ಹಾಕಲು ಸ್ವಲ್ಪ ನಾಚಿಕೆಯೇ ಆಯಿತು.

ಜುಲೈ 13: ಮೇಲೊಂದು ಬ್ರೇಕ್ ಲೈಟ್

ಓಮ್ನಿಯ ದೀಪ ಕೆಳಗೆ ಇರುವುದರಿಂದ ಲಾರಿ, ಬಸ್ಸಿನವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಹಿಂಬಾಗಿಲಿನ ಗ್ಲಾಸಿನ ಒಳಗೆ, ಮೇಲಿನ ಅಂಚಿಗೆ ಒಂದು ಕೆಂಪು ಎಲ್‌ಇಡಿ ಪಟ್ಟಿ ಹಾಕಿದೆ, 350 ರೂಪಾಯಿ. ಬ್ರೇಕಿನ ತಂತಿಯಿಂದ ಕರೆಂಟ್, ಹೊಸ ಅರ್ತ್ ಬೋಲ್ಟಿಗೆ ಅರ್ತ್. ತಂತಿಯನ್ನು ಕೀಲಿನ ಹತ್ತಿರ ಬಿಗಿಯಾಗಿ ಎಳೆದು ಕಟ್ಟಿದ್ದೆ. ಬಾಗಿಲು ಮೇಲೆತ್ತಿದ ಮೊದಲ ಸಲವೇ ಪಟ್ಟನೆ ತುಂಡಾಯಿತು. ಎರಡನೇ ಸಲ ಬಾಗಿಲು ಪೂರ್ತಿ ಎತ್ತಿ ನಿಲ್ಲಿಸಿ, ಅಲ್ಲಿಂದ ಇನ್ನೂ ನಾಲ್ಕು ಬೆರಳು ಸಡಿಲ ಬಿಟ್ಟು, ರಬ್ಬರ್ ನಳಿಗೆಯೊಳಗೆ ತೂರಿಸಿದೆ. ರಾತ್ರಿ ಭಾವ ರಸ್ತೆಯಲ್ಲಿ ನೂರು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿದರು. "ಅಬ್ಬಾ, ಇನ್ನು ಗುದ್ದಿದರೆ ಅವನದ್ದೇ ತಪ್ಪು" ಅಂದರು.

ಜುಲೈ 20: ಲೆಕ್ಕ, ಬಾಕಿ

ಬ್ರೇಕಿನ ಫ್ಯೂಸ್ ತೆಗೆದು ಅದರ ಜಾಗದಲ್ಲಿ ಮೀಟರ್ ಇಟ್ಟು ಕರೆಂಟ್ ನೋಡಿದೆ (10 ಆಂಪಿಯರಿನ ತೂತಿಗೆ ಕಡ್ಡಿ ಹಾಕಬೇಕು, ಇಲ್ಲದಿದ್ದರೆ ಮೀಟರಿನ ಒಳಗಿನ ಫ್ಯೂಸ್ ಹೋಗುತ್ತದೆ). ಎರಡು ಹಳೆ ಬಲ್ಬಿಗೆ 3.4 ಆಂಪಿಯರ್. ಈಗ ಮೇಲಿನ ಪಟ್ಟಿ ಸೇರಿ 0.6.

ಖರ್ಚು: ಬಿಳಿ ಎಲ್‌ಇಡಿ 260, ಕೆಂಪು 320, ಆಂಬರ್ 300, ರೆಸಿಸ್ಟರ್ 240, ಫ್ಲ್ಯಾಶರ್ 190, ಟೈಲ್ ಲ್ಯಾಂಪ್ 420, ಸಿಲಿಕೋನ್ 110 ಮತ್ತು 210, ತಂತಿ, ಲಗ್, ಹೀಟ್ ಶ್ರಿಂಕ್ 180, ಬೋಲ್ಟ್, ವಾಷರ್, ಮರಳು ಕಾಗದ 40, ರೆಡ್ ಆಕ್ಸೈಡ್ 90, ಮೇಲಿನ ಲೈಟ್ 350. ಒಟ್ಟು 2,710. ಇದರಲ್ಲಿ ಬಿಳಿ ಎಲ್‌ಇಡಿ, ರೆಸಿಸ್ಟರ್, ಮೊದಲ ಸಿಲಿಕೋನ್ ಸೇರಿ 610 ಸುಮ್ನೆ ಹೋದದ್ದು. ಸುತ್ತಿಗೆ ಎತ್ತದಿದ್ದರೆ ಇನ್ನೂ 420 ಉಳಿಯುತ್ತಿತ್ತು. ರೋಗ ವಾಸಿ ಮಾಡಿದ್ದು 180 ಮತ್ತು 40.

ಹೂವಿನ ಬುಟ್ಟಿಯ ಅಡಿಗೆ ಈಗ ಒಂದು ಪ್ಲಾಸ್ಟಿಕ್ ಟ್ರೇ ಬಂದಿದೆ. ಅತ್ತೆಯವರು ಅಡುಗೆಮನೆಯಿಂದ ಕೊಟ್ಟದ್ದು, ಲೆಕ್ಕಕ್ಕೆ ಸೇರಿಸಿಲ್ಲ.

ರಿವರ್ಸ್ ದೀಪ ಮಾತ್ರ ಇನ್ನೂ ಉರಿಯುವುದಿಲ್ಲ. ಬಲ್ಬ್ ಸರಿ ಇದೆ. ಅರ್ತ್, ಈ ಸಲ ಮೊದಲು ಅದನ್ನೇ ನೋಡಿದೆ, ಅದೂ ಸರಿ ಇದೆ. ಹೋಲ್ಡರಿಗೆ ಕರೆಂಟೇ ಬರುತ್ತಿಲ್ಲ. ಗೇರ್ ಬಾಕ್ಸಿನ ಸ್ವಿಚ್ಚಿನ ಎರಡು ತಂತಿ ಸೇರಿಸಿದರೆ ಉರಿಯುತ್ತದೆ, ಅಂದರೆ ಸ್ವಿಚ್ಚೇ ಹೋಗಿದೆ. ಅದನ್ನು ಬಿಚ್ಚಲು ಗಾಡಿಯ ಅಡಿಗೆ ಮಲಗಬೇಕು, ಅಂಗಳದಲ್ಲಿ ಈಗ ಪಾದ ಮುಳುಗುವಷ್ಟು ನೀರಿದೆ. ಮಳೆ ಬಿಡಲಿ.